ಸೀಟು ಸಿಕ್ಕರೆ ಸಾಲದು, ಕುರ್ಚಿಯೂ ಬೇಕು

ಗೂಡಲೂರು, ಮಸಿನಗುಡಿ ಕಡೆಯ ಹೆಣ್ಣುಮಕ್ಕಳು ಪ್ಲಸ್ ಟು ಮುಗಿಸಿ ಕಾಲೇಜು ಮೆಟ್ಟಿಲು ಹತ್ತುವುದು ಈಗ ಹೊಸದೇನಲ್ಲ. ಆದರೆ ಡಿಗ್ರಿ ಕೈಗೆ ಬಂದ ಕೂಡಲೇ ‘ಓದಿದ್ದು ಸಾಕು, ಮದುವೆ ಮಾಡಿಬಿಡೋಣ’ ಅನ್ನೋ ಮಾತು ಶುರುವಾಗುತ್ತದೆ. ಕಾಲೇಜಿನಲ್ಲಿ ಪಾಠ ಹೇಳಲು ಬೇಕಾದ ಮುಂದಿನ ಓದು ಅಲ್ಲಿಗೇ ನಿಲ್ಲುತ್ತದೆ. ಹಾಗೆ ನಿಲ್ಲಿಸುವ ಮುನ್ನ ಇಬ್ಬರು ಮಹಿಳೆಯರ ಕಥೆ ನೆನೆಯಬೇಕು.

1933ರಲ್ಲಿ ಕಮಲಾ ಭಾಗವತ್ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಬೇಡವೆಂದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಕೆಲಸ ನೋಡಿ ತೀರ್ಮಾನಿಸುವುದೆಂಬ ಷರತ್ತಿನ ಮೇಲೆ ಸೇರಿದರು. ಕೆಲಸ ಕಂಡ ರಾಮನ್ ಒಪ್ಪಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದು ಬಂದವರು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗ ನಡೆಸಿದರು. ಆಮೇಲೆ ನಮ್ಮ ಕೂನೂರಿನ ಪೌಷ್ಟಿಕತೆ ಸಂಶೋಧನಾಲಯದ ಸಹಾಯಕ ನಿರ್ದೇಶಕಿಯಾದರು. 1947ರಲ್ಲಿ ಮದುವೆಯಾಗಿ ಕಮಲಾ ಸೊಹೋನಿ ಎನಿಸಿಕೊಂಡರು. ಮುಂಬಯಿಗೆ ಹೋಗಿ ಅಲ್ಲಿಯೂ ಪ್ರಾಧ್ಯಾಪಕಿಯಾದರು. ಮದುವೆ ಅವರ ಪಾಠಕ್ಕೆ ಅಡ್ಡಿಯಾಗಲಿಲ್ಲ.

ಎರಡನೆಯವರು ರಾಜೇಶ್ವರಿ ಚಟರ್ಜಿ. ಊಟಿ ರಸ್ತೆಯ ನಂಜನಗೂಡಿನ ವಕೀಲರ ಮಗಳು. ಮೈಸೂರು ಸೀಮೆಯ ಮೊದಮೊದಲ ಪದವೀಧರೆಯರಲ್ಲಿ ಒಬ್ಬರಾದ ಅಜ್ಜಿ ಕಮಲಮ್ಮ ದಾಸಪ್ಪ ಅವರೇ ಮೊಮ್ಮಗಳ ಓದಿಗೆ ಬುನಾದಿ. ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಅದೇ ವಿಜ್ಞಾನ ಸಂಸ್ಥೆ ಸೇರಿದರು. 1947ರಲ್ಲಿ ಅಮೆರಿಕಕ್ಕೆ ಹೋದರು. 1953ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್‌ನೊಂದಿಗೆ ಮರಳಿ ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ಮುಂದೆ ಆ ವಿಭಾಗದ ಮುಖ್ಯಸ್ಥೆಯೂ ಆಗಿ 1982ರಲ್ಲಿ ನಿವೃತ್ತರಾದರು. ಅವರ ಕೈಕೆಳಗೆ 20 ಮಂದಿ ಪಿಎಚ್.ಡಿ. ಮುಗಿಸಿದರು.

ಒಬ್ಬಾಕೆ ಓದಿ ಹೊರಟರೆ ಒಂದು ಮನೆ ಬೆಳೆಯುತ್ತದೆ. ವಿಭಾಗದಲ್ಲಿ ಮೂವತ್ತು ವರ್ಷ ಕುಳಿತರೆ ಒಂದು ಪೀಳಿಗೆಯೇ ಬೆಳೆಯುತ್ತದೆ. ಬಡಗ, ಕನ್ನಡ, ತಮಿಳು ಮೂರೂ ಬಲ್ಲ ನಮ್ಮ ಹುಡುಗಿ ಕಾಲೇಜಿನಲ್ಲಿ ಪಾಠ ಹೇಳಿದರೆ ಬೆಟ್ಟದ ಮಕ್ಕಳಿಗೆ ಎಷ್ಟು ಧೈರ್ಯ!

ಸರ್ಕಾರ ಹಾಸ್ಟೆಲು, ಸ್ಕಾಲರ್‌ಷಿಪ್ಪು, ಕಾಯಂ ಹುದ್ದೆ ಕೊಡಬೇಕು. ಮನೆಯವರು ಕೊಡಬೇಕಾದ್ದು ಸಮಯ. ಚಹಾ ಗಿಡ ನೆಟ್ಟ ವರ್ಷವೇ ಎಲೆ ಕೀಳಲಾಗದೆಂದು ಬಲ್ಲ ರೈತರು, ಮಗಳ ಓದಿಗೂ ನಾಲ್ಕು ವರ್ಷ ಕಾಯಬಾರದೇ?