ಅರವತ್ತು ಕಾಣದವರ ಕಂತು ಯಾರ ಪಾಲಿಗೆ?



ಪಿಂಚಣಿಯ ಮಾತು ಬಂದಾಗಲೆಲ್ಲ ಬೈಲಹೊಂಗಲ, ಕಿತ್ತೂರು ಕಡೆಯ ಹಳ್ಳಿಗಳ ಕಟ್ಟೆಯ ಮೇಲೆ ಒಂದು ಪ್ರಶ್ನೆ ಏಳುತ್ತದೆ: “ಅರವತ್ತರ ತನಕ ನಾವು ಇರತೇವೇನ್ರೀ? ಇರದಿದ್ರ ಕಟ್ಟಿದ ರೊಕ್ಕ ಯಾರಿಗೆ?” ಕೇಳುವವರು ನಗುತ್ತಲೇ ಕೇಳುತ್ತಾರೆ. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಅರ್ಜಿ ತುಂಬಿಸುವವರು ವಯಸ್ಸು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಕೇಳುತ್ತಾರೆಯೇ ಹೊರತು ಇದಕ್ಕೆ ಉತ್ತರ ಕೊಡುವುದಿಲ್ಲ. ಈ ವಾರ ಆ ಲೆಕ್ಕವನ್ನೇ ಮಾಡೋಣ.

2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಯನ್ನು ಆರಂಭಿಸಿತು. ಎರಡು ಹೆಕ್ಟೇರು, ಅಂದರೆ ಹೆಚ್ಚುಕಡಿಮೆ ಐದು ಎಕರೆಯವರೆಗೆ ಭೂಮಿ ಇದ್ದು, ವಯಸ್ಸು 18ರಿಂದ 40ರ ಒಳಗಿದ್ದವರು ಇದಕ್ಕೆ ಸೇರಬಹುದು. 18ನೇ ವಯಸ್ಸಿನಲ್ಲಿ ಸೇರಿದವರಿಗೆ ತಿಂಗಳ ಕಂತು 55 ರೂಪಾಯಿ, 30ರಲ್ಲಿ ಸೇರಿದವರಿಗೆ 105, 40ರಲ್ಲಿ ಸೇರಿದವರಿಗೆ 200. ನೀವು ಕಟ್ಟಿದಷ್ಟೇ ಸರ್ಕಾರವೂ ಕಟ್ಟುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ನಿಧಿಯನ್ನು ನೋಡಿಕೊಳ್ಳುವುದು ಭಾರತೀಯ ಜೀವ ವಿಮಾ ನಿಗಮ. ರಾಮದುರ್ಗದ ನೇಕಾರರು, ಬೈಲಹೊಂಗಲದ ಹತ್ತಿ ಜಿನ್ನಿನ ಕೂಲಿಕಾರರು, ಸವದತ್ತಿಯ ಕಡೆ ಕಬ್ಬು ಕಡಿಯುವವರು, ಇಂಥ ಭೂಮಿಯಿಲ್ಲದ ದುಡಿಮೆಗಾರರಿಗೆ ಅದೇ ವರ್ಷ ಬಂದ ಶ್ರಮಯೋಗಿ ಮಾನ್‌ಧನ್ ಯೋಜನೆ ಇದೆ. ಕಂತೂ ಅಷ್ಟೇ, ಪಿಂಚಣಿಯೂ ಅಷ್ಟೇ.

ಈಗ 30ನೇ ವಯಸ್ಸಿನಲ್ಲಿ ಸೇರಿದ ಒಬ್ಬ ರೈತರನ್ನು ತೆಗೆದುಕೊಳ್ಳಿ. ತಿಂಗಳಿಗೆ 105ರಂತೆ 30 ವರ್ಷಕ್ಕೆ ಅವರು ಕೈಯಿಂದ ಕಟ್ಟುವುದು 37,800 ರೂಪಾಯಿ. ನೂರಕ್ಕೆ ಏಳರ ಬಡ್ಡಿ ಹಿಡಿದರೆ ಅದು 60ನೇ ವಯಸ್ಸಿಗೆ ಸುಮಾರು 1 ಲಕ್ಷ 28 ಸಾವಿರವಾಗುತ್ತದೆ. ಸರ್ಕಾರದ ಪಾಲೂ ಅಷ್ಟೇ ಬೆಳೆದಿರುತ್ತದೆ. ಎರಡೂ ಕೂಡಿ 2 ಲಕ್ಷ 56 ಸಾವಿರ. ತಿಂಗಳಿಗೆ 3,000ದಂತೆ ತೆಗೆಯುತ್ತ ಹೋದರೆ, ಉಳಿದ ಹಣಕ್ಕೆ ಬಡ್ಡಿ ಬರುತ್ತಿದ್ದರೂ ಹತ್ತು ವರ್ಷದ ಸುಮಾರಿಗೆ ಗಂಟು ಬರಿದಾಗುತ್ತದೆ. ಆದರೂ ಪಿಂಚಣಿ ನಿಲ್ಲುವುದಿಲ್ಲ. 70 ದಾಟಿದವರಿಗೆ, 80 ದಾಟಿದವರಿಗೆ ಬರುವ ಹಣ ಎಲ್ಲಿಯದು? ಬಹುಪಾಲು ಅದು 62ಕ್ಕೋ 64ಕ್ಕೋ ಕಣ್ಣು ಮುಚ್ಚಿದವರು ಬಿಟ್ಟುಹೋದ ಹಣ.

ನಮ್ಮ ಎರೆಭೂಮಿಯ ಊರುಗಳಲ್ಲಿ ಹಿಂದೆ ಹಗೇವು ಇರುತ್ತಿತ್ತು. ಹತ್ತು ಮನೆಯವರು ಒಂದೇ ಹಗೇವಿಗೆ ಜೋಳ ಸುರಿದು, “ಮೂವತ್ತು ವರ್ಷದ ಮೇಲೆ ತೆರೆಯೋಣ, ಆಗ ಇದ್ದವರು ಇರುವತನಕ ಉಣ್ಣಲಿ” ಎಂದು ಮಾತಾಡಿಕೊಂಡಂತೆ ಈ ಪಿಂಚಣಿ. ಭಿಶಿಯಲ್ಲಿ ಪ್ರತಿಯೊಬ್ಬರ ಪಾಳಿಯೂ ಬರುತ್ತದೆ, ಇಲ್ಲಿ ಬರುವುದಿಲ್ಲ. ಹಾಗೆಂದು ಇದನ್ನು ಮೋಸ ಎನ್ನುವುದು ತಪ್ಪು. ಎಷ್ಟು ವರ್ಷ ಬದುಕುತ್ತೇವೆಂದು ಯಾರಿಗೂ ತಿಳಿಯದಿರುವಾಗ, ಕೈಯಲ್ಲಿ ಕಾಸಿಲ್ಲದ ಮುಪ್ಪಿನ ಭಯವನ್ನು ಹತ್ತು ಜನ ಹಂಚಿಕೊಳ್ಳುವುದು ನ್ಯಾಯವೇ. “ನಮ್ಮ ದೇಶದ ಸರಾಸರಿ ಆಯುಷ್ಯ 70, ಅಂದಮೇಲೆ ಹತ್ತೇ ವರ್ಷದ ಪಿಂಚಣಿ” ಎಂಬ ಮಾತೂ ಸರಿಯಲ್ಲ. ಆ ಸರಾಸರಿಯಲ್ಲಿ ಕೂಸಾಗಿದ್ದಾಗಲೇ ತೀರಿಕೊಂಡವರೂ ಸೇರಿದ್ದಾರೆ. 60 ಮುಟ್ಟಿದವರು ಸರಾಸರಿ ಇನ್ನೂ 17-18 ವರ್ಷ ಬದುಕುತ್ತಾರೆ.

ತೊಡಕು ಇರುವುದು ಬೇರೆ ಕಡೆ. ಬೇಗ ಸಾಯುವುದು ಬರೀ ಹಣೆಬರಹವಾಗಿದ್ದರೆ ಈ ಹಂಚಿಕೆಗೆ ಯಾರೂ ಬೇಸರಪಡಬೇಕಿರಲಿಲ್ಲ. ಆದರೆ ಅದು ಬಹಳಮಟ್ಟಿಗೆ ದುಡಿಮೆಯ ಬರಹ. ವರ್ಷಾನುಗಟ್ಟಲೆ ಹತ್ತಿಯ ದೂಳು ಎದೆಗೆ ಹೊಕ್ಕವರು, ಮುಖಕ್ಕೆ ಬಟ್ಟೆಯೂ ಇಲ್ಲದೆ ಔಷಧ ಹೊಡೆದವರು, ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗಲು ರೊಕ್ಕವಿಲ್ಲದವರು 60ರ ಆಚೆ ಹೆಚ್ಚು ದೂರ ಹೋಗುವುದಿಲ್ಲ. ಬೋರಿನ ನೀರು, ನಾಲ್ಕು ಎಕರೆ ಕಬ್ಬು, ಊರಿನಲ್ಲೇ ವೈದ್ಯರು ಇರುವವರು ಹೋಗುತ್ತಾರೆ. ಇಬ್ಬರಿಗೂ ಕಂತು 105 ರೂಪಾಯಿಯೇ. ಹಗೇವಿಗೆ ಸಮನಾಗಿ ಸುರಿದು, ಬಡವರು ಉಳ್ಳವರಿಗೆ ಉಣಿಸಿದ ಹಾಗಾಯಿತು.

ಇಂಥ ತಕರಾರು ಮಲಪ್ರಭಾ ಸೀಮೆಯವರಿಗೆ ಹೊಸದಲ್ಲ. ನವಿಲುತೀರ್ಥದ ಅಣೆಕಟ್ಟಿನ ನೀರು ಕಾಲುವೆಯ ತುದಿಯ ಹೊಲಗಳಿಗೆ ಸರಿಯಾಗಿ ಮುಟ್ಟದಿದ್ದರೂ ಬೆಟರ್‌ಮೆಂಟ್ ಲೆವಿ ಕೇಳಿದಾಗ ರೈತರು ಎದ್ದು ನಿಂತರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಗಿ ರೈತರು ಪ್ರಾಣ ಕಳೆದುಕೊಂಡರು. ನೀರು ಕಾಣದವರು ನೀರಿನ ಕರ ಏಕೆ ಕೊಡಬೇಕೆಂಬುದು ಅಂದಿನ ಪ್ರಶ್ನೆ. ಪಿಂಚಣಿಗೆ ಸೇರುವುದು ನಿಮ್ಮ ಖುಷಿ, ಅಷ್ಟೇ ವ್ಯತ್ಯಾಸ.

ಹಾಗಾದರೆ ಬೇಗ ಹೋದವರ ಹಣವೆಲ್ಲ ಮುಳುಗುತ್ತದೆಯೇ? ಇಲ್ಲ. ಇಲ್ಲಿ ನಿಯಮಗಳನ್ನು ಸ್ವಲ್ಪ ಗಮನವಿಟ್ಟು ಓದಿರಿ. 60ಕ್ಕೆ ಮುಂಚೆ ರೈತ ತೀರಿಕೊಂಡರೆ ಹೆಂಡತಿ ಕಂತು ಮುಂದುವರಿಸಬಹುದು, ಇಲ್ಲವೇ ಗಂಡ ಕಟ್ಟಿದ ಹಣವನ್ನು ಬಡ್ಡಿಸಹಿತ ಪಡೆಯಬಹುದು. ಹೆಂಡತಿ ಇಲ್ಲದಿದ್ದರೆ ನಾಮಿನಿಗೆ ಆ ಹಣ ಸಿಗುತ್ತದೆ. ಸರ್ಕಾರದ ಪಾಲು ಮಾತ್ರ ನಿಧಿಯಲ್ಲೇ ಉಳಿಯುತ್ತದೆ. ಪಿಂಚಣಿ ಶುರುವಾದ ಮೇಲೆ ತೀರಿಕೊಂಡರೆ ಹೆಂಡತಿಗೆ ಅರ್ಧ, ಅಂದರೆ 1,500 ರೂಪಾಯಿ, ಆಕೆ ಇರುವತನಕ. ಹೆಣ್ಣುಮಕ್ಕಳೇ ಸದಸ್ಯರಾಗಿದ್ದರೆ ಗಂಡನಿಗೆ ಇದೇ ನಿಯಮ. ಇಬ್ಬರೂ ಹೋದ ಮೇಲೆ ಮಕ್ಕಳಿಗೆ ಏನೂ ಇಲ್ಲ, ಉಳಿದದ್ದೆಲ್ಲ ನಿಧಿಗೆ.

ಈಗ ಹೆಂಡತಿಯನ್ನು ಕಳೆದುಕೊಂಡ ಒಬ್ಬ ರೈತರನ್ನು ನೆನೆಯಿರಿ. ಅವರು 59 ವರ್ಷ 11 ತಿಂಗಳಿಗೆ ಹೋದರೆ ಮಕ್ಕಳ ಕೈಗೆ ಸುಮಾರು 1 ಲಕ್ಷ 28 ಸಾವಿರ ಬರುತ್ತದೆ. 60 ತುಂಬಿ ಎರಡು ತಿಂಗಳಿಗೆ ಹೋದರೆ? ಅವರು ಪಡೆದದ್ದು 6,000 ರೂಪಾಯಿ, ಮಕ್ಕಳಿಗೆ ಬರುವುದು ಸೊನ್ನೆ. ಮೂರು ತಿಂಗಳ ಅಂತರದಲ್ಲಿ ಮೂವತ್ತು ವರ್ಷದ ಉಳಿತಾಯ ಹೋಯಿತು. ಈ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಅನ್ಯಾಯವಾಗಿ ಕಾಣುವುದು ಇದೇ. ಪಿಂಚಣಿ ಶುರುವಾಗಿ ಇಷ್ಟು ವರ್ಷದೊಳಗೆ ತೀರಿಕೊಂಡವರ ಸ್ವಂತ ಕಂತಿನಲ್ಲಿ ಉಳಿದದ್ದು ವಾರಸುದಾರರಿಗೆ ಎಂಬ ಒಂದು ನಿಯಮ ಸೇರಿಸಿದರೆ ಸಾಕಿತ್ತು.

ಅದು ಆಗದ ಮಾತೇನಲ್ಲ. 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆ ನೋಡಿ. ಅಲ್ಲಿ ಹೆಂಡತಿಗೋ ಗಂಡನಿಗೋ ಪೂರ್ತಿ ಪಿಂಚಣಿ ಮುಂದುವರಿಯುತ್ತದೆ. ಇಬ್ಬರೂ ಹೋದ ಮೇಲೆ ಗಂಟು ನಾಮಿನಿಗೆ ಸೇರುತ್ತದೆ. 3,000ದ ಪಿಂಚಣಿಗೆ ಅದು 5 ಲಕ್ಷ 10 ಸಾವಿರ. ಆದರೆ 30ನೇ ವಯಸ್ಸಿನಲ್ಲಿ ಸೇರಿದರೆ ಇದಕ್ಕೆ ತಿಂಗಳ ಕಂತು 347 ರೂಪಾಯಿ. ಮಾನ್‌ಧನ್‌ನಲ್ಲಿ ನಿಮ್ಮ ಮತ್ತು ಸರ್ಕಾರದ ಪಾಲು ಕೂಡಿ 210. ನಡುವಿನ 137 ರೂಪಾಯಿಯನ್ನು “ನನ್ನ ಗಂಟು ನನ್ನ ಮನೆಯವರಿಗೇ ಇರಲಿ” ಎನ್ನುವುದರ ಬೆಲೆ ಎಂದು ಸುಮಾರಾಗಿ ತಿಳಿಯಬಹುದು. ಎದೆಯ ರೋಗ, ಸಕ್ಕರೆ ಕಾಯಿಲೆ ಇದ್ದವರು, ಮನೆತನದಲ್ಲಿ ಹಿರಿಯರು ಬೇಗ ಹೋದವರು ಈ ಬೆಲೆಯನ್ನು ತೂಗಿ ನೋಡಬೇಕು. ತಂದೆ-ತಾಯಿ ತೊಂಬತ್ತು ಕಂಡವರಿಗೆ ಮಾನ್‌ಧನ್ ಲಾಭವೇ.

ಹೊರದೇಶಗಳೂ ಇದರಲ್ಲಿ ಸಿಕ್ಕಿಬಿದ್ದಿವೆ. 1889ರಲ್ಲಿ ಜರ್ಮನಿ ದುಡಿಮೆಗಾರರಿಗೆ ಕಂತಿನ ಪಿಂಚಣಿ ತಂದಾಗ ವಯಸ್ಸಿನ ಗೆರೆ ಹಾಕಿದ್ದು 70ಕ್ಕೆ! 1916ರಲ್ಲಿ ಅದನ್ನು 65ಕ್ಕೆ ಇಳಿಸಿದರು. 2023ರಲ್ಲಿ ಫ್ರಾನ್ಸ್ 62ನ್ನು 64ಕ್ಕೆ ಏರಿಸಿದಾಗ ಲಕ್ಷಾಂತರ ಜನ ಬೀದಿಗಿಳಿದರು. ಆ ದೇಶದ ಗಂಡಸರಲ್ಲಿ ಅತಿ ಶ್ರೀಮಂತರಿಗೂ ಅತಿ ಬಡವರಿಗೂ ಆಯುಷ್ಯದಲ್ಲಿ 13 ವರ್ಷದ ಅಂತರವಿದೆಯೆಂದು ಅಲ್ಲಿನ ಸರ್ಕಾರಿ ಅಂಕಿಸಂಖ್ಯಾ ಸಂಸ್ಥೆಯೇ 2018ರಲ್ಲಿ ಹೇಳಿತ್ತು. ಬ್ರಿಟನ್ನಿನಲ್ಲಿ ಗಂಟು ಕೊಟ್ಟು ಪಿಂಚಣಿ ಕೊಳ್ಳುವಾಗ ಕಾಯಿಲೆಯವರಿಗೆ, ಬೀಡಿ-ಸಿಗರೇಟು ಸೇದುವವರಿಗೆ ಹೆಚ್ಚು ಪಿಂಚಣಿ ಕೊಡುವ ಕಂಪನಿಗಳಿವೆ. ಕೇಳಲು ವಿಚಿತ್ರ, ಆದರೆ ಲೆಕ್ಕ ಸರಿ.

ಬೇಗ ಹೋಗುವ ಭಯವಿದ್ದವರ ಮನೆಗೆ ಪಿಂಚಣಿಗಿಂತ ಮೊದಲು ಬೇಕಾದದ್ದು ಜೀವವಿಮೆ. ಜೀವನ್ ಜ್ಯೋತಿ ಬಿಮಾ ಯೋಜನೆಗೆ ವರ್ಷಕ್ಕೆ 436 ರೂಪಾಯಿ. ಸೇರಲು ವಯಸ್ಸು 18ರಿಂದ 50, ರಕ್ಷಣೆ 55ರವರೆಗೆ, ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ರಾಜ್ಯದ ಸಂಧ್ಯಾ ಸುರಕ್ಷಾಕ್ಕೆ ಕಂತಿಲ್ಲ, ಸಣ್ಣ ರೈತರೂ ಕೂಲಿಕಾರರೂ ಅದಕ್ಕೆ ಅರ್ಹರು. ಆದರೆ ಅದು ಶುರುವಾಗುವುದೇ 65ಕ್ಕೆ.

ಮಾನ್‌ಧನ್‌ಗೆ 2019ರಲ್ಲಿ 40ರ ವಯಸ್ಸಿನಲ್ಲಿ ಸೇರಿದವರಿಗೂ 60 ತುಂಬುವುದು 2039ರಲ್ಲಿ. ಇನ್ನೂ ಒಬ್ಬರಿಗೂ ಪಿಂಚಣಿ ಶುರುವಾಗಿಲ್ಲ. ಆದ್ದರಿಂದ ನಿಯಮ ತಿದ್ದಲು ಸಮಯವಿದೆ. ನಿಮ್ಮ ಸಂಸದರು ಊರಿಗೆ ಬಂದಾಗ ರಸ್ತೆ, ಗಟಾರದ ಜೊತೆಗೆ ಇದನ್ನೂ ಕೇಳಿರಿ.

ಈಗಾಗಲೇ ಕಂತು ಕಟ್ಟುತ್ತಿರುವವರು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ಹೆಂಡತಿ ಅಥವಾ ಗಂಡನ ಹೆಸರು, ನಾಮಿನಿಯ ಹೆಸರು ಸರಿಯಾಗಿ ದಾಖಲಾಗಿದೆಯೇ ನೋಡಿಕೊಳ್ಳಿ. ಹತ್ತು ವರ್ಷ ಕಂತು ತುಂಬಿದವರು 60ಕ್ಕೆ ಮುಂಚೆ ಹೊರಬಂದರೆ ತಾವು ಕಟ್ಟಿದ್ದನ್ನು ನಿಧಿ ಗಳಿಸಿದ ಬಡ್ಡಿಯೊಡನೆ ಪಡೆಯಬಹುದು. ಜೊತೆಗಾರರನ್ನು ಕಳೆದುಕೊಂಡು, ಆರೋಗ್ಯವೂ ಕೆಟ್ಟಿದ್ದರೆ, 59 ನಡೆಯುವಾಗಲೇ ಮನೆಯವರೊಡನೆ ಕೂತು ಇದನ್ನು ನಿರ್ಧರಿಸಿರಿ. 60 ತುಂಬಿದ ಮರುದಿನ ಆ ಬಾಗಿಲು ಮುಚ್ಚಿರುತ್ತದೆ.