ಪಾಸ್‌ವರ್ಡ್ ಇಟ್ಟುಕೊಳ್ಳುವವರ ಹೊಣೆ

1906ರಲ್ಲಿ ಸ್ಥಾಪಿತವಾಗಿ ಪುಣೆಯ ಮಧ್ಯಮವರ್ಗದ ವಿಶ್ವಾಸಕ್ಕೆ ಪಾತ್ರವಾಗಿದ್ದ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ, 2018ರ ಆಗಸ್ಟ್ ಮಾಸದಲ್ಲಿ, ನಕಲಿ ಕಾರ್ಡುಗಳ ಮೂಲಕ 28 ದೇಶಗಳ ಎಟಿಎಂಗಳಲ್ಲಿಯೂ ಬ್ಯಾಂಕುಗಳ ನಡುವಿನ ಸ್ವಿಫ್ಟ್ ಜಾಲದ ಮೂಲಕ ಹಾಂಗ್‌ಕಾಂಗಿನ ಖಾತೆಯೊಂದಕ್ಕೂ, ಒಟ್ಟು 94 ಕೋಟಿ ರೂಪಾಯಿಗೆ ಮಿಕ್ಕ ಹಣವು ಮೂರೇ ದಿನಗಳಲ್ಲಿ ಹರಿದುಹೋಯಿತು. ಕಳ್ಳರು, ಎಟಿಎಂ ಕೋರಿಕೆಗಳಿಗೆ ಒಪ್ಪಿಗೆ ಕೊಡುವ ಬ್ಯಾಂಕಿನ ನಿಜವಾದ ಸ್ವಿಚ್ಚಿಗೆ ಪ್ರತಿಯಾಗಿ ಹುಸಿ ಸ್ವಿಚ್ಚೊಂದನ್ನು ನಿಲ್ಲಿಸಿ, ಬಂದ ಕೋರಿಕೆಗಳಿಗೆಲ್ಲ ಅದರಿಂದಲೇ ಸಮ್ಮತಿ ಕೊಡಿಸಿದ್ದರಿಂದ, ಗ್ರಾಹಕನು ತನ್ನ ಪಿನ್ನನ್ನು ಎಷ್ಟೇ ಜೋಪಾನವಾಗಿ ಕಾಪಾಡಿದ್ದರೂ ಪ್ರಯೋಜನವಿರಲಿಲ್ಲ. ಆದರೂ ಇಂಥ ಅನಾಹುತ ನಡೆದಾಗಲೆಲ್ಲ ಉಪದೇಶವು ಗ್ರಾಹಕನಿಗೇ ಹೊರತು, ಅವನ ಗುಟ್ಟನ್ನು ಇಟ್ಟುಕೊಂಡ ಸಂಸ್ಥೆಗೆ ಅಲ್ಲ.

ನಾವು ಒಪ್ಪಿಸಿದ ಪಾಸ್‌ವರ್ಡ್ ಆ ಸಂಸ್ಥೆಯಲ್ಲಿ ಯಾವ ರೂಪದಲ್ಲಿ ಇರುವುದು? ಪುಣೆಯ ಹಿಂಜವಡಿಯ ತಂತ್ರಾಂಶ ಕಂಪನಿಗಳಲ್ಲಿ ಲಾಗಿನ್ ಪುಟಗಳನ್ನು ರಚಿಸುವ ತರುಣರು, ನಮ್ಮ ಕನ್ನಡದ ಹುಡುಗರೂ ಸೇರಿದಂತೆ, ಇದಕ್ಕಾಗಿ ಹೊಸ ಗಣಿತವನ್ನು ಸೃಷ್ಟಿಸುವುದಿಲ್ಲ. ಪ್ರೋಗ್ರಾಮಿಂಗ್ ಭಾಷೆಯೊಡನೆ ಬಂದ ಲೈಬ್ರರಿಯಿಂದ ಕೈಗೆ ಸಿಕ್ಕ ಫಂಕ್ಷನ್ನನ್ನು ಕರೆಯುವರು, ಅಷ್ಟೆ. ಆದಕಾರಣ ಲಕ್ಷಾಂತರ ಜನರ ಕ್ಷೇಮವು ಆ ಒಂದು ಫಂಕ್ಷನ್ನಿನ ಯೋಗ್ಯತೆಯನ್ನೇ ಅವಲಂಬಿಸಿದೆ.

ಇದರ ತತ್ತ್ವ ಹೊಸದೇನೂ ಅಲ್ಲ. ಅರೆದ ಹಿಟ್ಟಿನಿಂದ ಅಕ್ಕಿಯ ಕಾಳನ್ನು ಮರಳಿ ಪಡೆಯಲಾಗದಂತೆ, ಪಾಸ್‌ವರ್ಡನ್ನು ಹಿಂದಿರುಗಿಸಲಾಗದ ಹ್ಯಾಶ್ ರೂಪಕ್ಕೆ ತಿರುಗಿಸಿ ಇಡಬೇಕು. ಪ್ರತಿ ಬಳಕೆದಾರನಿಗೂ ಬೇರೆಯಾದ, ಸಾಲ್ಟ್ ಎಂಬ ಯಾದೃಚ್ಛಿಕ ಅಕ್ಷರಗುಚ್ಛವನ್ನು ಅದರಲ್ಲಿ ಬೆರೆಸಬೇಕು. ಮತ್ತು ಊಹಿಸಿ ಊಹಿಸಿ ನೋಡುವ ಕಳ್ಳನು ಬಳಲುವಂತೆ ಆ ಕ್ರಿಯೆಯನ್ನು ಬೇಕೆಂದೇ ನಿಧಾನಗೊಳಿಸಬೇಕು. ಬೆಲ್ ಪ್ರಯೋಗಶಾಲೆಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಇವನ್ನೆಲ್ಲ 1979ರಲ್ಲಿಯೇ ಬರೆದು ಪ್ರಕಟಿಸಿದ್ದರು. ಯಂತ್ರಗಳ ವೇಗ ಹೆಚ್ಚಿದಂತೆ ಶ್ರಮವನ್ನೂ ಹೆಚ್ಚಿಸಬಲ್ಲ ಬಿಕ್ರಿಪ್ಟ್ ಎಂಬ ಹ್ಯಾಶ್ ವಿಧಾನವು 1999ರಲ್ಲಿ ಬಂದಿತು. ಹೀಗಿದ್ದೂ 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ ಹ್ಯಾಶ್‌ಗಳಲ್ಲಿ ಸಾಲ್ಟ್ ಇರಲಿಲ್ಲ. ಮರುವರ್ಷ ಬಯಲಾದ ಅಡೋಬಿಯ ವೃತ್ತಾಂತವು ಇನ್ನೂ ಶೋಚನೀಯ: ಅಲ್ಲಿ ಹ್ಯಾಶ್ ಮಾಡುವ ಬದಲು, ಕೀಲಿಯಿಂದ ಮತ್ತೆ ಬಿಡಿಸಬಹುದಾದ ಎನ್‌ಕ್ರಿಪ್ಶನ್ ಬಳಸಿದ್ದರಿಂದಲೂ, ಒಂದೇ ಪಾಸ್‌ವರ್ಡ್ ಇಟ್ಟವರೆಲ್ಲರಿಗೂ ಒಂದೇ ಗೂಢಲಿಪಿ ಬರುತ್ತಿದ್ದುದರಿಂದಲೂ, ಬಳಕೆದಾರರು ಬರೆದಿಟ್ಟ ನೆನಪಿನ ಸುಳಿವುಗಳು ಪಕ್ಕದಲ್ಲಿಯೇ ಬತ್ತಲಾಗಿದ್ದುದರಿಂದಲೂ, ಒಬ್ಬನ ಸುಳಿವಿನಿಂದ ನೂರಾರು ಜನರ ಗುಟ್ಟು ಊಹೆಗೆ ಸಿಕ್ಕಿತು. ಕಳ್ಳರಿಗೆ ಕೀಲಿ ಸಿಗದೆಯೇ ಆದ ಅನರ್ಥವಿದು!

ಇಂಥಲ್ಲಿ ಪ್ರೋಗ್ರಾಮರನ ಅಜ್ಞಾನವನ್ನು ಹಳಿಯುವುದು ಸುಲಭ; ನನ್ನ ಮಟ್ಟಿಗೆ ಅದು ಅನ್ಯಾಯ, ಏಕೆಂದರೆ ಅವನು ಭಾಷೆ ಕೊಟ್ಟ ಸಾಧನವನ್ನೇ ಬಳಸುವನು. 2013ರಲ್ಲಿ ಪಿಎಚ್‌ಪಿ ಭಾಷೆಯು ಸಾಲ್ಟನ್ನು ತಾನೇ ಉತ್ಪಾದಿಸಿ, ಬಿಕ್ರಿಪ್ಟನ್ನು ತಾನೇ ಆರಿಸಿಕೊಳ್ಳುವ ಒಂದು ಫಂಕ್ಷನ್ನನ್ನು ಕೊಟ್ಟಾಗ, ಅವಸರದಲ್ಲಿರುವ ಸಾಮಾನ್ಯನಿಗೂ ಸರಿದಾರಿಯೇ ಸುಲಭದ ದಾರಿಯಾಯಿತು. ಪೈಥಾನ್ 2024ರ ಆವೃತ್ತಿಯಲ್ಲಿ ಹ್ಯಾಶ್ ಮಾಡುವ ತನ್ನ ಹಳೆಯ ಕ್ರಿಪ್ಟ್ ಮಾಡ್ಯೂಲನ್ನು ತೆಗೆದೇಹಾಕಿತು. ಹಳೆಯ ತಂತ್ರಾಂಶಗಳಿಗೆ ತೊಂದರೆಯಾಗುವುದೆಂಬ ಆಕ್ಷೇಪ ಸುಳ್ಳಲ್ಲ; ಆದರೆ ಜೀರ್ಣವಾದುದನ್ನು ಕಪಾಟಿನಲ್ಲಿಯೇ ಬಿಟ್ಟರೆ ಯಾರಾದರೊಬ್ಬರು ತೆಗೆದು ಬಳಸಿಯೇ ತೀರುವರು.

ನಮ್ಮ ಕಾನೂನು ಇಷ್ಟು ಸ್ಪಷ್ಟವಾಗಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ ಬಂದ 2011ರ ನಿಯಮಾವಳಿ ಪಾಸ್‌ವರ್ಡನ್ನು ಸೂಕ್ಷ್ಮ ಮಾಹಿತಿಯೆಂದು ಗಣಿಸಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯಿದೆ, ಸಮಂಜಸ ರಕ್ಷಣೆ ಕಲ್ಪಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದೆನ್ನುತ್ತದೆ. ಬಿಡಿಸಬಹುದಾದ ರೂಪದಲ್ಲಿ ಪಾಸ್‌ವರ್ಡ್ ಇಡಲೇಕೂಡದೆಂದು ಎರಡೂ ಬಾಯಿಬಿಟ್ಟು ಹೇಳಿಲ್ಲ. ಸರ್ಕಾರಿ ಇಲಾಖೆಗಳೂ ಸಹಕಾರಿ ಬ್ಯಾಂಕುಗಳೂ ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗಲಾದರೂ ಈ ಒಂದು ಷರತ್ತನ್ನು ಬರೆಯಬೇಕು. ವಾಚಕರೂ ಒಂದು ಪರೀಕ್ಷೆ ಮಾಡಬಹುದು: ಪಾಸ್‌ವರ್ಡ್ ಮರೆತೆನೆಂದಾಗ ಹೊಸದನ್ನು ರಚಿಸಿಕೊಳ್ಳಲು ಹೇಳದೆ, ನಿಮ್ಮ ಹಳೆಯದನ್ನೇ ಅಕ್ಷರಶಃ ಕಳುಹಿಸುವ ಸಂಸ್ಥೆ ಯಾವುದೇ ಇರಲಿ, ಅದಕ್ಕೊಂದು ಲಿಖಿತ ದೂರು ಕೊಡಿರಿ, ಅದೇ ಪಾಸ್‌ವರ್ಡನ್ನು ಬೇರೆಡೆ ಬಳಸಿದ್ದರೆ ಇಂದೇ ಬದಲಿಸಿರಿ.