ಅಪರೂಪವೆಂಬ ಮಾತಿನ ಮರೆಯಲ್ಲಿ

ಯಾವುದೇ ಕಾಯಿಲೆಯನ್ನು ‘ಬಹಳ ಅಪರೂಪ’ ಎಂದು ವೈದ್ಯರು ಹೇಳಿದೊಡನೆ ನಾವು ನಿರಾಳರಾಗುತ್ತೇವೆ. ಆದರೆ ಅಪರೂಪವೆಂಬುದು ಎಣಿಕೆಯ ಮಾತು. ಎಣಿಸುವವರೇ ಇಲ್ಲದಿದ್ದಲ್ಲಿ ಆ ಮಾತಿಗೆ ಆಧಾರವೇನು? ಸ್ತನಗಳ ಆಕಾರಕ್ಕಾಗಿ ಶಸ್ತ್ರಚಿಕಿತ್ಸೆಯಿಂದ ಒಳಗಿರಿಸುವ ಇಂಪ್ಲಾಂಟ್‌ಗಳ ವಿಷಯದಲ್ಲಿ ಪಾಶ್ಚಾತ್ಯ ದೇಶಗಳು ಎದುರಿಸಬೇಕಾಗಿ ಬಂದ ಪ್ರಶ್ನೆ ಇದು. ಸಂಕೋಚದಿಂದ ನಾವು ಮನೆಗಳಲ್ಲಿ ಇಂಥ ವಿಚಾರಗಳನ್ನು ಎತ್ತುವುದಿಲ್ಲ. ಆದರೆ ಸಂಕೋಚವು ರೋಗಕ್ಕೆ ಮದ್ದಲ್ಲ.

ಈ ಇಂಪ್ಲಾಂಟ್‌ನ ಸುತ್ತ ಲಿಂಫೋಮಾ ಎಂಬ ಜಾತಿಯ ಕ್ಯಾನ್ಸರ್ ಕಾಣಿಸಿಕೊಂಡ ಮೊದಲ ವರದಿ 1997ರಲ್ಲಿ ಪ್ರಕಟವಾಯಿತು. ಇದು ಸಾಮಾನ್ಯವಾದ ಸ್ತನ ಕ್ಯಾನ್ಸರ್ ಅಲ್ಲ. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಬಿಳಿ ರಕ್ತಕಣಗಳಲ್ಲಿ ಹುಟ್ಟಿ, ಇಂಪ್ಲಾಂಟ್‌ನ ಸುತ್ತ ಬೆಳೆದ ಪೊರೆಯಲ್ಲಿಯೂ ಅಲ್ಲಿ ತುಂಬಿದ ದ್ರವದಲ್ಲಿಯೂ ನೆಲೆಸುವಂಥದು. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳೊಂದಿಗೆ ಇದರ ನಂಟು ಹೆಚ್ಚು. ಶಸ್ತ್ರಚಿಕಿತ್ಸೆಯಾಗಿ ಸಾಮಾನ್ಯವಾಗಿ ಎಂಟು, ಹತ್ತು ವರ್ಷಗಳು ಕಳೆದ ಬಳಿಕ ಒಂದು ಸ್ತನ ಬಾತುಕೊಳ್ಳುವುದು ಇದರ ಮುಖ್ಯ ಲಕ್ಷಣ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ನಂಟಿನ ಕುರಿತು ಎಚ್ಚರಿಸಿದ್ದು 2011ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿದ್ದು 2016ರಲ್ಲಿ. 2019ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಹೆಚ್ಚು ಒರಟಾದ ಇಂಪ್ಲಾಂಟ್‌ಗಳನ್ನು ನಿಷೇಧಿಸಿತು. ಅದೇ ವರ್ಷದ ಜುಲೈಯಲ್ಲಿ ಅಮೆರಿಕದ ಕೋರಿಕೆಯಂತೆ ಅಲರ್ಗಾನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಆ ಆಡಳಿತಕ್ಕೆ ತಿಳಿದಿದ್ದ ಪ್ರಕರಣಗಳು 573, ಸಾವುಗಳು 33. ಮೊದಲ ವರದಿಯಿಂದ ಇಲ್ಲಿಯವರೆಗೆ ಇಪ್ಪತ್ತೆರಡು ವರ್ಷಗಳು! ಯಾರಿಗೆ ಯಾವ ಇಂಪ್ಲಾಂಟ್ ಇರಿಸಲಾಗಿದೆ ಎಂಬ ಪೂರ್ಣ ದಾಖಲೆ ಬಹಳಷ್ಟು ದೇಶಗಳಲ್ಲಿ ಇರಲೇ ಇಲ್ಲ.

‘ಚೆಲುವಿನ ಮೋಹಕ್ಕೆ ತಕ್ಕ ಫಲ’ ಎನ್ನುವವರು ನಮ್ಮ ನಡುವೆಯೂ ಇರಬಹುದು. ಆ ಮಾತು ಕ್ರೂರವಾದುದು, ಅಸತ್ಯವೂ ಹೌದು. ಕ್ಯಾನ್ಸರ್‌ನಿಂದಾಗಿ ಸ್ತನವನ್ನು ಕಳೆದುಕೊಂಡು, ದೇಹವನ್ನು ಮರಳಿ ರೂಪಿಸಿಕೊಳ್ಳಲು ಬಯಸಿದವರೂ ಈ ರೋಗಕ್ಕೆ ತುತ್ತಾಗಿದ್ದಾರೆ. ಇನ್ನು ಸೌಂದರ್ಯಕ್ಕಾಗಿಯೇ ಮಾಡಿಸಿಕೊಂಡವರು ಒಪ್ಪಿದ್ದು ತಮಗೆ ತಿಳಿಸಿದ ಅಪಾಯಕ್ಕೆ. ತಿಳಿಸದೆ ಉಳಿಸಿದ ಅಪಾಯಕ್ಕಲ್ಲ. ಅರಿವಿಲ್ಲದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಲಕ್ಷ ಜನರಲ್ಲಿ ಕೆಲವರಿಗೆ ಮಾತ್ರ ಬರುವ ರೋಗವೂ ಬಂದವಳ ಪಾಲಿಗೆ ಪೂರ್ಣವಾಗಿಯೇ ಬರುತ್ತದೆ. ಅಪಾಯ ಚಿಕ್ಕದೆಂಬ ಕಾರಣಕ್ಕೆ ಅದನ್ನು ಹೇಳದಿರುವ ಹಕ್ಕು ವೈದ್ಯನಿಗೂ ಇಲ್ಲ, ವ್ಯಾಪಾರಿಗೂ ಇಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಅಪಾಯಗಳ ಪಟ್ಟಿಯನ್ನು ರೋಗಿಯೊಡನೆ ಕುಳಿತು ಓದಬೇಕೆಂದು ಅಮೆರಿಕ 2021ರಲ್ಲಿ ವಿಧಿಸಿತು. ತಡವಾದರೂ ನ್ಯಾಯವಾದ ಕ್ರಮವಿದು.

ಭೀತಿಗೆ ಕಾರಣವಿಲ್ಲ. ಯಾವ ಲಕ್ಷಣವೂ ಇಲ್ಲದವರು ಇಂಪ್ಲಾಂಟ್ ತೆಗೆಸಬೇಕಾಗಿಲ್ಲವೆಂಬುದು ತಜ್ಞರ ಸಲಹೆ. ಬಾವು ಕಂಡಲ್ಲಿ ಮಾತ್ರ ತಡಮಾಡದೆ ಆ ದ್ರವವನ್ನು ಪರೀಕ್ಷಿಸಬೇಕು. ಬೇಗನೆ ಗುರುತಿಸಿ, ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ಣವಾಗಿ ತೆಗೆದರೆ ಬಹುಪಾಲು ಮಂದಿ ಗುಣವಾಗುತ್ತಾರೆ.

ಶರೀರದೊಳಗೆ ಏನನ್ನೇ ಇರಿಸಿಕೊಳ್ಳುವಾಗಲೂ ಅದರ ಹೆಸರು, ಸಂಖ್ಯೆ, ತಯಾರಕರ ವಿವರವನ್ನು ಕೇಳಿ ಪಡೆದು ಜೋಪಾನವಾಗಿರಿಸೋಣ. ಅದಕ್ಕಿಂತ ಮಿಗಿಲಾಗಿ, ಮನೆಯ ಹೆಣ್ಣುಮಗಳು ತನ್ನ ದೇಹದ ನೋವನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವಂಥ ವಾತಾವರಣವನ್ನು ನಮ್ಮ ಕುಟುಂಬಗಳಲ್ಲಿ ಬೆಳೆಸೋಣ. ಗದರಿಕೆಗೆ ಅಂಜಿ ಅವಳು ಮುಚ್ಚಿಟ್ಟ ಬಾವು ಯಾವ ವೈದ್ಯನ ಕಣ್ಣಿಗೂ ಬೀಳದು.